ಕುಗ್ಗಿ ಉಚ್ಚೆ ಹೊಯ್ಯುವ ಮುಧೋಳ ಮರಿ: ನಂಬಿದ್ದೇನು, ನಿಜವೇನು

ಹತ್ತು ವಾರದ ಮುಧೋಳ ಮರಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಉದ್ದ ಕಾಲು, ಸಣ್ಣ ಸೊಂಟ, ಮೈಗೆ ಅಂಟಿಕೊಂಡಂಥ ತೆಳು ಕೂದಲು. ಸಂಜೆ ಮನೆಯ ಯಜಮಾನರು ಬಾಗಿಲು ತೆರೆದು ಒಳಗೆ ಬರುತ್ತಾರೆ. ಪ್ರೀತಿಯಿಂದಲೇ ಬಗ್ಗಿ ಅದರ ತಲೆ ಸವರಲು ಕೈ ಚಾಚುತ್ತಾರೆ. ಮರಿ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ಬಾಲವನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಮೈಯನ್ನೆಲ್ಲ ನೆಲಕ್ಕಿಳಿಸಿ ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಅಷ್ಟರಲ್ಲೇ ಉಚ್ಚೆಯ ಸಣ್ಣ ಗೆರೆ ಫರಸಿ ಕಲ್ಲಿನ ಮೇಲೆ ಹರಿದು ಸಂದಿಗೆ ಇಳಿಯುತ್ತದೆ.

"ಮತ್ತ ಹೊಯ್ತು ನೋಡು! ಎಷ್ಟ್ ಸಲ ಹೇಳಬೇಕು ಇದಕ್ಕ?" ಎಂದು ಯಜಮಾನರ ದನಿ ಏರುತ್ತದೆ. ಪಕ್ಕದ ಮನೆಯವರು, "ಕಾಕಾ, ಇದು ಅಂಜುಬುರಕ ಐತ್ರೀ. ಬ್ಯಾಟಿಗಿ ಬರೂದಿಲ್ಲ, ಯಾರಿಗರೆ ಕೊಟ್ಟಬಿಡ್ರಿ" ಎನ್ನುತ್ತಾರೆ. ಇನ್ನೊಬ್ಬರು ಮೂಗು ಹಿಡಿದು ಉಚ್ಚೆಗೆ ಉಜ್ಜಲು ಹೇಳುತ್ತಾರೆ. ಮತ್ತೊಬ್ಬರು ಸಂಜೆ ಮೇಲೆ ನೀರು ಇಡಬೇಡಿ ಎನ್ನುತ್ತಾರೆ. ಎಲ್ಲರೂ ಮರಿಯ ಒಳ್ಳೆಯದಕ್ಕೇ ಹೇಳುವವರು, ಆದರೆ ಹೇಳಿದ್ದರಲ್ಲಿ ಒಂದೂ ಸರಿಯಿಲ್ಲ.

ಆ ಮರಿ ತನ್ನ ಮೈಯಿಂದ ಮಾತಾಡುತ್ತಿದೆ. 'ನಾನು ಚಿಕ್ಕವ, ನಿಮಗೆ ಎದುರು ನಿಲ್ಲುವವನಲ್ಲ, ಸಿಟ್ಟು ಮಾಡಬೇಡಿ' ಎಂದು ನಾಯಿಯೊಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು. ಪಶುವೈದ್ಯರು ಇದಕ್ಕೆ ಸಬ್‌ಮಿಸಿವ್ ಯೂರಿನೇಷನ್ ಎನ್ನುತ್ತಾರೆ. ನಾವು ಶರಣಾಗತಿಯ ಉಚ್ಚೆ ಎನ್ನೋಣ. ಸಿಟ್ಟಾಗಬೇಡಿ ಎಂದು ಬೇಡುವ ಮರಿಗೆ ಸಿಟ್ಟನ್ನೇ ತೋರಿಸಿದರೆ ಅದು ಇನ್ನಷ್ಟು ಬೇಡುತ್ತದೆ, ಅಂದರೆ ಇನ್ನಷ್ಟು ಉಚ್ಚೆ ಹೊಯ್ಯುತ್ತದೆ. ನಾವು ಇನ್ನಷ್ಟು ಗದರುತ್ತೇವೆ. ಬೆಳೆಯುತ್ತ ತಾನಾಗಿ ಮಾಯವಾಗಬೇಕಾದ ಅಭ್ಯಾಸ ಬೇರೂರಿ ನಿಲ್ಲುವುದು ಹೀಗೆ.

"ಹೊರಗೆ ಹೋಗುವುದನ್ನು ಕಲಿಸಿದ್ದೆವು, ಮರೆತುಬಿಟ್ಟಿದೆ"

ಎರಡು ಬೇರೆ ಬೇರೆ ಉಚ್ಚೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಈ ಮಾತು ಹುಟ್ಟುತ್ತದೆ. ಹೊರಗೆ ಹೋಗುವುದನ್ನು ಇನ್ನೂ ಕಲಿಯದ ಮರಿ ಮೂತ್ರಚೀಲ ತುಂಬಿದಾಗ ನೆಲ ಮೂಸುತ್ತದೆ, ಸುತ್ತು ಹಾಕುತ್ತದೆ, ಒಂದು ಮೂಲೆ ಹುಡುಕಿ ಕುಕ್ಕರಿಸಿ ಪೂರ್ತಿ ಖಾಲಿ ಮಾಡುತ್ತದೆ. ಆಗ ಅದರ ಮುಂದೆ ಯಾರೂ ಇರಬೇಕೆಂದಿಲ್ಲ. ಶರಣಾಗತಿಯ ಉಚ್ಚೆಗೆ ಎದುರಿಗೆ ಒಬ್ಬರು ಇರಲೇಬೇಕು, ಮನುಷ್ಯರಾಗಲಿ, ದೊಡ್ಡ ನಾಯಿಯಾಗಲಿ. ಹೊಯ್ಯುವುದೂ ಸ್ವಲ್ಪವೇ. ಐದು ನಿಮಿಷದ ಹಿಂದಷ್ಟೇ ಹಿತ್ತಲಲ್ಲಿ ಹೊಯ್ದು ಬಂದ ಮರಿಯೂ ನೀವು ಬಗ್ಗಿದೊಡನೆ ನಾಲ್ಕು ಹನಿ ಬಿಡಬಹುದು. ಮೂರನೆಯ ಬಗೆಯೂ ಒಂದಿದೆ, ಖುಷಿ ಹೆಚ್ಚಾಗಿ ಹೊಯ್ಯುವುದು. ಅದರಲ್ಲಿ ಮರಿ ಕುಗ್ಗುವುದಿಲ್ಲ. ನಿಂತಲ್ಲೇ ಕುಣಿಯುತ್ತ, ಬಾಲ ಬೀಸುತ್ತ, ನಿಮ್ಮ ಮೊಣಕಾಲಿಗೆ ಹಾರುತ್ತ ಚಿಮುಕಿಸುತ್ತದೆ. ಮೂತ್ರ ತಡೆಯುವ ಸ್ನಾಯು ಇನ್ನೂ ಬಲಿಯದ ವಯಸ್ಸು ಅದು. ಒಂದೇ ಮರಿಯಲ್ಲಿ ಈ ಮೂರೂ ಇರಬಹುದು. ಆದ್ದರಿಂದ ಉಚ್ಚೆಯನ್ನು ನೋಡುವ ಮೊದಲು ಕಿವಿ, ಬಾಲ, ಬೆನ್ನು ನೋಡಿ.

ಈ ಭಂಗಿ ಬಂದದ್ದು ತಾಯಿಯ ಮಡಿಲಿನಿಂದ. ಹುಟ್ಟಿದ ಮೊದಲ ಎರಡು ಮೂರು ವಾರ ನಾಯಿಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ಅದನ್ನು ಅಂಗಾತ ಮಾಡಿ ಕೆಳಹೊಟ್ಟೆ ನೆಕ್ಕಿದಾಗಲೇ ಮೂತ್ರ ಇಳಿಯುವುದು, ಅದನ್ನೂ ತಾಯಿಯೇ ನೆಕ್ಕಿ ಗೂಡು ಒಣಗಿರುವಂತೆ ನೋಡಿಕೊಳ್ಳುತ್ತದೆ. ತನಗಿಂತ ದೊಡ್ಡದೊಂದು ಮೇಲೆ ಬಗ್ಗಿದಾಗ ಮಲಗಿ ಹೊಟ್ಟೆ ತೋರಿಸುವುದು, ಹೊಯ್ಯುವುದು, ಆಮೇಲೆ ಆರೈಕೆ ಸಿಗುವುದು, ಇದು ಮರಿಯ ಬದುಕಿನ ಮೊದಲ ಪಾಠ. ಸ್ವಿಸ್ ವಿಜ್ಞಾನಿ ರುಡಾಲ್ಫ್ ಶೆಂಕೆಲ್ 1967ರಲ್ಲಿ ತೋಳ ಮತ್ತು ನಾಯಿಗಳ ಶರಣಾಗತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ವಿವರಿಸಿದರು. ಬೆಳೆದ ತೋಳವೊಂದು ಇನ್ನೊಂದರ ಮುಂದೆ ಪಕ್ಕಕ್ಕೆ ಉರುಳಿ ಹೊಟ್ಟೆ ತೋರಿಸುವುದು ಆ ಮರಿತನದ ಭಂಗಿಯ ಮುಂದುವರಿಕೆ ಎಂದರು. ನಮ್ಮ ಹತ್ತು ವಾರದ ಮರಿ ಯಜಮಾನರನ್ನು ಅಷ್ಟು ಎತ್ತರದಲ್ಲಿಟ್ಟು ಮಾತಾಡುತ್ತಿದೆ. ಆ ಉಚ್ಚೆಯಲ್ಲಿ ಹಟ ಎಂಬುದು ಎಳ್ಳಷ್ಟೂ ಇಲ್ಲ.

"ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ"

ಮನೆಗೆ ಬಂದಾಗ ನೆಲದ ಮೇಲೆ ಒಣಗಿದ ಉಚ್ಚೆ. ಮರಿಯನ್ನು ಕರೆದು ಅದರತ್ತ ಬೆರಳು ತೋರಿಸುತ್ತೇವೆ. ಅದು ತಲೆ ತಗ್ಗಿಸಿ ಓರೆಗಣ್ಣಲ್ಲಿ ನೋಡುತ್ತದೆ. ಕಳ್ಳ ಸಿಕ್ಕಿಬಿದ್ದ ಎಂದುಕೊಳ್ಳುತ್ತೇವೆ. 2009ರಲ್ಲಿ ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ಸಾಕುನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಯಜಮಾನರು 'ತಿನ್ನಬೇಡ' ಎಂದು ತಿಂಡಿ ತೋರಿಸಿ ಕೋಣೆಯಿಂದ ಹೊರಗೆ ಹೋಗಬೇಕು. ಕೆಲವು ಸಲ ನಾಯಿ ತಿಂದಿರುತ್ತಿತ್ತು, ಕೆಲವು ಸಲ ತಿಂದಿರುತ್ತಿರಲಿಲ್ಲ. ಹಿಂದಿರುಗಿದ ಯಜಮಾನರಿಗೆ ಒಮ್ಮೊಮ್ಮೆ ಸುಳ್ಳೇ ವರದಿ ಕೊಡಲಾಗುತ್ತಿತ್ತು. ಆ 'ಅಪರಾಧಿ ಮುಖ' ನಾಯಿ ತಿಂದಿತ್ತೋ ಇಲ್ಲವೋ ಎಂಬುದಕ್ಕೆ ತಾಳೆಯಾಗಲಿಲ್ಲ, ಯಜಮಾನರು ಗದರಿದರೋ ಇಲ್ಲವೋ ಎಂಬುದಕ್ಕೆ ತಾಳೆಯಾಯಿತು. ಏನೂ ತಿನ್ನದೆ ಸುಮ್ಮನಿದ್ದು ಬೈಸಿಕೊಂಡ ನಾಯಿಗಳ ಮುಖದಲ್ಲೇ ಅದು ಹೆಚ್ಚಾಗಿ ಕಂಡಿತು.

ತಗ್ಗಿದ ತಲೆಯೂ ಓರೆಗಣ್ಣೂ ನಮ್ಮ ಸಿಟ್ಟಿಗೆ ಬಂದ ಉತ್ತರ. ಅರ್ಧ ಗಂಟೆ ಹಿಂದಿನ ಉಚ್ಚೆಗೂ ಈಗಿನ ಬೈಗುಳಕ್ಕೂ ಮರಿ ಗಂಟು ಹಾಕಲಾರದು. ಅದು ಗಂಟು ಹಾಕುವುದು ನಿಮ್ಮ ಬರವಿಗೂ ಬೈಗುಳಕ್ಕೂ. ನಾಳೆ ಬಾಗಿಲ ಚಿಲಕದ ಸದ್ದು ಕೇಳಿದರೆ ಸಾಕು, ನೀವು ಒಳಗೆ ಬರುವ ಮುನ್ನವೇ ಅದು ನೆಲಕ್ಕೆ ಒರಗಿರುತ್ತದೆ.

"ಮೂಗು ಉಜ್ಜಿ, ಒಂದೇಟು ಕೊಟ್ಟು, ಯಜಮಾನ ಯಾರೆಂದು ತೋರಿಸಬೇಕು"

ಇದು ಎಲ್ಲಕ್ಕಿಂತ ಹಳೆಯ ಸಲಹೆ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದೂ ಇದೇ. ಮೂಗು ಉಜ್ಜುವುದರಿಂದ ಮರಿ ಎರಡು ಸಂಗತಿ ಕಲಿಯುತ್ತದೆ. ಒಂದು, ಮನುಷ್ಯನ ಕೈ ಹತ್ತಿರ ಬಂದರೆ ಕೇಡು. ಎರಡು, ಮನುಷ್ಯನ ಎದುರಿಗೆ ಉಚ್ಚೆ ಹೊಯ್ಯುವುದು ಅಪಾಯ. ಎರಡನೆಯದನ್ನು ಕಲಿತ ಮರಿಯನ್ನು ಹಗ್ಗ ಕಟ್ಟಿ ಹೊರಗೆ ಕರೆದುಕೊಂಡು ಹೋದರೆ ಎಷ್ಟು ಹೊತ್ತು ನಿಂತರೂ ಹೊಯ್ಯುವುದಿಲ್ಲ. ಒಳಗೆ ಬಂದು ಮಂಚದ ಕೆಳಗೆ, ನಿಮ್ಮ ಕಣ್ಣಿಗೆ ಬೀಳದಂತೆ ಹೊಯ್ಯುತ್ತದೆ. ಆಗ 'ಬೇಕಂತಲೇ ಮಾಡುತ್ತೆ' ಎಂಬ ಇನ್ನೊಂದು ಆರೋಪ ಅದರ ತಲೆಗೆ ಬೀಳುತ್ತದೆ.

'ಯಜಮಾನ ಯಾರೆಂದು ತೋರಿಸುವ' ಯೋಚನೆಗೆ ವಿಜ್ಞಾನದ ಹೆಸರು ಹೇಳುವವರೂ ಇದ್ದಾರೆ. ತೋಳಗಳ ಗುಂಪಿನಲ್ಲಿ ಒಂದು ಆಲ್ಫಾ ಇರುತ್ತದೆ, ಅದು ಉಳಿದವನ್ನು ಹತ್ತಿಕ್ಕಿ ಆಳುತ್ತದೆ, ನಾಯಿಯ ಮನೆಯಲ್ಲಿ ನೀವೇ ಆ ಆಲ್ಫಾ ಆಗಬೇಕು ಎನ್ನುವ ವಾದ. ಇದರ ಬೇರು ಅದೇ ಶೆಂಕೆಲ್ ಅವರ 1947ರ ಬರಹದಲ್ಲಿದೆ. ಅವರು ನೋಡಿದ್ದು ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳನ್ನು ಬೇಸಿಗೆಯಿಂದ ಬೇಸಿಗೆಗೆ ಹತ್ತಿರದಿಂದ ನೋಡಿ, 1999ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು. ಕಾಡಿನಲ್ಲಿ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಹೊಡೆದಾಡಿ ಗೆದ್ದ ರಾಜ ಯಾರೂ ಇಲ್ಲ. ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ಮೆಕ್ ಕೇಳಿಕೊಳ್ಳುತ್ತಲೇ ಬಂದರು.

ಆ ವಾದ ನಿಜವೇ ಆಗಿದ್ದರೂ ನಮ್ಮ ಮರಿಗೆ ಅದರಿಂದ ಏನಾಗಬೇಕು? ಅದು ಈಗಾಗಲೇ ನೆಲಕ್ಕೆ ಹೊಟ್ಟೆ ಹಚ್ಚಿ ಶರಣಾಗಿದೆ. ಶರಣಾದವರನ್ನು ಬಗ್ಗುಬಡಿಯುವುದು ತರಬೇತಿಯಲ್ಲ, ಕ್ರೌರ್ಯ. ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ.

"ಅಂಜುಬುರುಕ ಮರಿ, ಬೇಟೆ ತಳಿಗೇ ಅವಮಾನ"

ಮುಧೋಳದ ಹೆಸರು ಹೇಳಿದರೆ ಜನರ ಕಣ್ಣ ಮುಂದೆ ನಿಲ್ಲುವುದು ಸೈನ್ಯ, ಅರಮನೆ, ಶೌರ್ಯ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಈ ಭಾಗದ ಬೇಡರ ಬಳಿಯಿದ್ದ ಬೇಟೆನಾಯಿಗಳ ಓಟಕ್ಕೆ ಮರುಳಾಗಿ ತಳಿಯನ್ನು ಬೆಳೆಸಿದರೆಂದೂ, ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂದೂ ಬಾಗಲಕೋಟೆ ಸೀಮೆಯಲ್ಲಿ ಎಲ್ಲರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಮುಧೋಳ ಮರಿಗಳು ಹೋದವು. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲೇ ಇದೆ. ಇಷ್ಟೆಲ್ಲ ಕೇಳಿ ಮರಿ ತಂದವರಿಗೆ ಅದು ಕುಗ್ಗಿ ಹೊಯ್ದಾಗ ಮೋಸ ಹೋದೆವೆಂಬ ಭಾವನೆ ಬರುವುದು ಸಹಜ.

ಆದರೆ ಮುಧೋಳ ಕಣ್ಣಿನ ನಾಯಿ. ಮೂಸಿ ಹುಡುಕುವುದಕ್ಕಿಂತ ದೂರದ ಚಲನೆಯನ್ನು ಕಂಡು ಬೆನ್ನಟ್ಟುವುದು ಅದರ ಕಸುಬು. ಉದ್ದ ಮೂತಿ, ಪಕ್ಕಕ್ಕೆ ಸರಿದ ಕಣ್ಣುಗಳು, ನಮಗಿಂತ ಎಷ್ಟೋ ಅಗಲ ನೋಟ. ಬಯಲಿನಲ್ಲಿ ಮೊಲದ ಕಿವಿ ಅಲ್ಲಾಡಿದ್ದನ್ನು ಹಿಡಿಯುವ ಆ ಕಣ್ಣೇ ಮನೆಯಲ್ಲಿ ನಿಮ್ಮ ಭುಜ ಬಿಗಿಯುವುದನ್ನೂ, ಕೈ ಮೇಲೇಳುವುದನ್ನೂ, ಹುಬ್ಬು ಗಂಟಾಗುವುದನ್ನೂ ಹಿಡಿಯುತ್ತದೆ. ಅದರ ಮೇಲೆ ಇದು ಅಪರಿಚಿತರ ಕೈಗೆ ಸುಲಭವಾಗಿ ಒಗ್ಗದ, ತನ್ನವರನ್ನು ಬಿಟ್ಟು ಉಳಿದವರಿಂದ ಒಂದು ಮಾರು ದೂರವೇ ಇರುವ ತಳಿ. ಇಂಥ ಮರಿ ಕಿರುಚಾಟಕ್ಕೆ ಬೇಗ ಮುದುಡುತ್ತದೆ. ಅದನ್ನು ಹೇಡಿತನ ಎನ್ನುವುದು ಅನ್ಯಾಯ. ಮೂರು ತಿಂಗಳಲ್ಲಿ ಕುಗ್ಗಿ ಹೊಯ್ದ ಮರಿ ಎರಡು ವರ್ಷಕ್ಕೆ ತೋಟದ ತುಂಬ ಎದೆಯುಬ್ಬಿಸಿ ಓಡಾಡುವ ನಾಯಿಯಾಗಲು ಯಾವ ಅಡ್ಡಿಯೂ ಇಲ್ಲ. ನಡುವಿನ ತಿಂಗಳುಗಳಲ್ಲಿ ಅದರ ಧೈರ್ಯವನ್ನು ನಾವು ಮುರಿಯದಿದ್ದರೆ ಸಾಕು.

ಶರಣಾಗತಿಯ ಉಚ್ಚೆ ಹೊಯ್ಯುವುದು ಬೇಟೆ ತಳಿಗಳು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಬೀದಿನಾಯಿಯ ಮರಿಯಿಂದ ಹಿಡಿದು ಲ್ಯಾಬ್ರಡಾರ್‌ವರೆಗೆ ಯಾವ ಮರಿಯೂ ಹೀಗೆ ಮಾಡಬಹುದು. ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಹೋಗಿಬಿಡುತ್ತದೆ.

ಹಾಗಾದರೆ ಮಾಡುವುದೇನು?

ಮೊದಲು ಬಾಗಿಲಿನಿಂದ ಶುರುಮಾಡಿ. ಹೊರಗಿನಿಂದ ಬಂದವರು ಮರಿಯತ್ತ ನೇರವಾಗಿ ನಡೆಯಬಾರದು, ನೇರವಾಗಿ ಕಣ್ಣಿಟ್ಟು ನೋಡಬಾರದು, ಹೆಸರು ಕೂಗಬಾರದು. ಚಪ್ಪಲಿ ಬಿಟ್ಟು, ಚೀಲ ಇಟ್ಟು, ಕೈಕಾಲು ತೊಳೆದುಕೊಳ್ಳಿ. ಎರಡು ಮೂರು ನಿಮಿಷ ಮನೆಯಲ್ಲಿ ಮರಿಯೇ ಇಲ್ಲವೆಂಬಂತೆ ಇರಿ. ಮರಿಯ ಮೊದಲ ಅಬ್ಬರ ಇಳಿಯುತ್ತದೆ. ಆಮೇಲೆ ನೆಲದ ಮೇಲೆ ಕುಳಿತುಕೊಳ್ಳಿ, ಅದಕ್ಕೆ ಎದುರಾಗಿ ಅಲ್ಲ, ಪಕ್ಕ ತಿರುಗಿ. ಕೈಯನ್ನು ಅಂಗೈ ಮೇಲಾಗಿ ನಿಮ್ಮ ತೊಡೆಯ ಪಕ್ಕದಲ್ಲೇ ಇಡಿ. ಮರಿ ತಾನಾಗಿ ಬಂದು ಮೂಸಲಿ. ಬಂದರೆ ಗದ್ದದ ಕೆಳಗೆ, ಎದೆಯ ಹತ್ತಿರ ಮೆಲ್ಲಗೆ ಕೆರೆಯಿರಿ. ತಲೆಯ ಮೇಲೆ ಕೈ ಬೇಡ. ಮೇಲಿನಿಂದ ಇಳಿದು ಬರುವ ಕೈಯೇ ಈ ಮರಿಗಳ ದೊಡ್ಡ ಭಯ. ದನಿ ತಗ್ಗಿರಲಿ. ಗಂಡಸರ ಗಡುಸು ದನಿಗೆ ಮಾತ್ರ ಹೊಯ್ಯುವ ಮರಿಗಳಿರುತ್ತವೆ, ಕೊರಳಪಟ್ಟಿಗೆ ಕೈ ಹಾಕಿದೊಡನೆ ಹೊಯ್ಯುವವೂ ಇರುತ್ತವೆ. ನಿಮ್ಮ ಮರಿ ಯಾವುದಕ್ಕೆ ಮುದುಡುತ್ತದೆಂದು ಒಂದು ವಾರ ಗಮನಿಸಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹೊಯ್ದರೆ? ಏನೂ ಅನ್ನಬೇಡಿ. ಮುಖದಲ್ಲೂ ಏನೂ ತೋರಿಸಬೇಡಿ. ಎದ್ದು ಅತ್ತ ಸರಿಯಿರಿ. ಮರಿ ಬೇರೆ ಕಡೆ ಹೋದ ಮೇಲೆ ಒರೆಸಿ. 'ಅಯ್ಯೋ ಪಾಪ' ಎಂದು ಮೇಲೆ ಬಿದ್ದು ಮುದ್ದಾಡುವುದೂ ಆ ಗಳಿಗೆಯಲ್ಲಿ ಬೇಡ. ಮುದ್ದು ತಪ್ಪೆಂದಲ್ಲ, ಮತ್ತೆ ಮೇಲೆ ಬಗ್ಗುತ್ತೀರಿ ಎಂಬುದಕ್ಕೆ.

ಇದರ ಜೊತೆಗೆ ಮರಿಗೆ ಬೇರೊಂದು ಕೆಲಸ ಕಲಿಸಬೇಕು. ಬೇಯಿಸಿದ ಮೊಟ್ಟೆಯ ಚೂರೋ ಕೋಳಿಯ ಸಣ್ಣ ತುಣುಕೋ ಕೈಯಲ್ಲಿರಲಿ. ಅದನ್ನು ಮೂಗಿನ ಹತ್ತಿರದಿಂದ ಸ್ವಲ್ಪ ಮೇಲಕ್ಕೆ ಎತ್ತಿದರೆ ಮರಿಯ ತಲೆ ಮೇಲೇಳುತ್ತದೆ, ಪಿರ್ರೆ ನೆಲಕ್ಕೆ ತಾಗುತ್ತದೆ. ತಾಗಿದ ಗಳಿಗೆಯಲ್ಲೇ 'ಕೂಡು' ಎಂದು ತುಣುಕು ಕೊಡಿ. ಉದ್ದ ಕಾಲಿನ, ಮಾಂಸ ಕಡಿಮೆಯಿರುವ ಈ ತಳಿಗೆ ಗಟ್ಟಿ ನೆಲದ ಮೇಲೆ ಕೂರುವುದು ಹಿತವಲ್ಲ. ಗೋಣಿಚೀಲವನ್ನೋ ಹಳೆಯ ಕೌದಿಯನ್ನೋ ಹಾಸಿ. ಕೂರುವುದನ್ನೇ ಒಲ್ಲೆ ಎನ್ನುವ ಮರಿಗೆ ನಿಮ್ಮ ಅಂಗೈಗೆ ಮೂಗು ತಾಗಿಸುವುದನ್ನು ಕಲಿಸಿದರೂ ಆಗುತ್ತದೆ. ಮನೆಯವರು ಬಂದಾಗ ಏನು ಮಾಡಬೇಕೆಂದು ಗೊತ್ತಿರುವ ಮರಿಗೆ ನೆಲಕ್ಕೆ ಒರಗುವ ಅಗತ್ಯ ಕಡಿಮೆಯಾಗುತ್ತದೆ. ಬರುವ ನೆಂಟರಿಗೂ ಮೊದಲೇ ಹೇಳಿ: ಮಾತಾಡಿಸಬೇಡಿ, ಬಗ್ಗಬೇಡಿ, ಈ ತುಣುಕನ್ನು ಅದರಿಂದ ಸ್ವಲ್ಪ ದೂರಕ್ಕೆ ಎಸೆದು ಸುಮ್ಮನೆ ಕುಳಿತುಕೊಳ್ಳಿ. ಮೊದಲ ಭೇಟಿ ಅಂಗಳದಲ್ಲೇ ಆದರೆ ಇನ್ನೂ ಒಳ್ಳೆಯದು, ಒರೆಸುವ ಚಿಂತೆಯೂ ಇಲ್ಲ.

"ಹೆದರಿದಾಗ ಹತ್ತಿರ ಕರೆದರೆ ಭಯ ಇನ್ನೂ ಹೆಚ್ಚುತ್ತದೆ"

ಇಲ್ಲ. ಭಯ ಒಂದು ಭಾವನೆ, ಬಹುಮಾನ ಕೊಟ್ಟು ಬೆಳೆಸುವ ಚಾಳಿಯಲ್ಲ. ಪಟಾಕಿ ಸದ್ದಿಗೆ ನಡುಗುತ್ತ ಮಡಿಲಿಗೆ ಬಂದ ಮರಿಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ.

"ಆರು ತಿಂಗಳಾಗಲಿ, ಆಮೇಲೆ ತರಬೇತಿ"

ಈ ಮಾತಿನಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ತುಂಬಿಕೊಳ್ಳುವುದೂ ಕಷ್ಟ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಮರಿಗಳ ಬೆಳವಣಿಗೆಯನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ 1965ರಲ್ಲಿ ಪುಸ್ತಕ ಹೊರತಂದರು. ಅವರು ನೋಡಿದ ತಳಿಗಳಲ್ಲಿ ಬೀಗಲ್, ಕಾಕರ್ ಸ್ಪ್ಯಾನಿಯಲ್‌ನಂಥ ಬೇಟೆನಾಯಿಗಳೂ ಇದ್ದವು. ಅಲ್ಲಿನದೇ ಒಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಮರಿಗಳನ್ನು ತಾಯಿಯೊಂದಿಗೆ ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಒಡನಾಟ ಕೊಟ್ಟು ನೋಡಿದರು. ಐದರಿಂದ ಒಂಬತ್ತು ವಾರದ ನಡುವೆ ಮನುಷ್ಯರನ್ನು ಕಂಡ ಮರಿಗಳು ಬೇಗ ಹೊಂದಿಕೊಂಡವು. 14 ವಾರದವರೆಗೆ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳಂತೆಯೇ ಉಳಿದವು.

ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರದವರೆಗಿನ ಈ ಕಾಲ ಹಸಿ ಸಿಮೆಂಟಿನಂತೆ, ಬಿದ್ದ ಹೆಜ್ಜೆ ಅಚ್ಚಾಗಿ ಉಳಿಯುತ್ತದೆ. ಸೈಕಲ್, ಹೆಲ್ಮೆಟ್ ಹಾಕಿದವರು, ಕೋಲೂರಿ ನಡೆಯುವ ಅಜ್ಜ, ಕುಕ್ಕರಿನ ಸೀಟಿ, ಶಾಲೆ ಬಿಟ್ಟ ಮಕ್ಕಳ ಗಲಾಟೆ, ಎತ್ತಿನ ಗಾಡಿ, ಬಿಳಿ ಕೋಟಿನ ಡಾಕ್ಟರ್, ಎಲ್ಲವೂ ದೂರದಿಂದ, ಸ್ವಲ್ಪ ಸ್ವಲ್ಪವಾಗಿ, ಬಾಯಿಗೊಂದು ತುಣುಕಿನೊಡನೆ ಪರಿಚಯವಾಗಬೇಕು. ತೋಟದ ಮೂಲೆಯಲ್ಲಿ ಕಟ್ಟಿ ಹಾಕಿ 'ಹೊರಗಿನವರು ಮುಟ್ಟದಿದ್ದರೆ ಜೋರಾಗುತ್ತದೆ' ಎನ್ನುವವರ ನಾಯಿ ಜೋರಾಗುವುದಿಲ್ಲ. ಎಲ್ಲರಿಗೂ ಹೆದರಿ, ಹೆದರಿಕೆಯಿಂದ ಕಚ್ಚುವ ನಾಯಿಯಾಗುತ್ತದೆ.

ಲಸಿಕೆ ಮುಗಿಯುವವರೆಗೆ ಹೊರಗೆ ತರಬೇಡಿ ಎಂದು ಡಾಕ್ಟರ್ ಹೇಳಿರುತ್ತಾರಲ್ಲ ಎಂದು ನೀವು ಕೇಳಬಹುದು. ಪಾರ್ವೊ ರೋಗದ ಭಯ ನಿಜವಾದದ್ದೇ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ, ನಡುವೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳುತ್ತವೆ. ಅಷ್ಟರಲ್ಲಿ ಆ ಹದಿನಾಲ್ಕು ವಾರ ಕಳೆದುಹೋಗಿರುತ್ತದೆ. ಆದ್ದರಿಂದ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡದೆ, ಕಂಕುಳಲ್ಲಿ ಎತ್ತಿಕೊಂಡು ಸಂತೆಯ ಅಂಚಿನವರೆಗೆ ಹೋಗಿಬನ್ನಿ, ಜಗುಲಿಯ ಮೇಲೆ ಕೂರಿಸಿಕೊಂಡು ಬೀದಿ ತೋರಿಸಿ, ಲಸಿಕೆ ಹಾಕಿಸಿದ ಸಾಧು ನಾಯಿಯಿರುವ ಸ್ನೇಹಿತರನ್ನು ಮನೆಗೆ ಕರೆಯಿರಿ. ಇನ್ನೊಂದು ಮಾತು, ನಾಲ್ಕೈದು ವಾರಕ್ಕೇ ತಾಯಿಯಿಂದ ಬಿಡಿಸಿದ ಮರಿಯನ್ನು ಕೊಳ್ಳಬೇಡಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ದೊಡ್ಡವರ ಮುಂದೆ ಎಷ್ಟು ಬಗ್ಗಬೇಕು, ಯಾವಾಗ ಎದ್ದು ಆಡಬಹುದು ಎಂಬುದನ್ನು ಮರಿ ಕಲಿಯುವುದು ಆ ವಾರಗಳಲ್ಲಿ ತಾಯಿ ಮತ್ತು ಒಡಹುಟ್ಟಿದವರಿಂದ.

"ನೀರು ಕಡಿಮೆ ಕೊಟ್ಟರೆ ಉಚ್ಚೆ ಕಡಿಮೆ"

ಬಾಗಲಕೋಟೆಯ ಬಿಸಿಲಲ್ಲಿ ಮರಿಗೆ ನೀರು ತಪ್ಪಿಸುವುದು ಅಪಾಯ. ಕುಗ್ಗಿದಾಗ ಬೀಳುವ ನಾಲ್ಕು ಹನಿಗೆ ಆಗಷ್ಟೇ ಖಾಲಿಯಾದ ಮೂತ್ರಚೀಲವೂ ಅಡ್ಡಿಯಲ್ಲ. ಉಳಿದ ಉಚ್ಚೆಗೆ ಬೇಕಾದದ್ದು ವೇಳಾಪಟ್ಟಿ. ನಿದ್ದೆಯಿಂದ ಎದ್ದೊಡನೆ, ಉಂಡ ಮೇಲೆ, ಆಟವಾಡಿ ದಣಿದಾಗ, ಮಲಗುವ ಮುನ್ನ ಹೊರಗೆ ಒಯ್ಯಬೇಕು. ಮರಿಗೆ ಎಷ್ಟು ತಿಂಗಳೋ ಅದಕ್ಕಿಂತ ಒಂದು ಗಂಟೆ ಹೆಚ್ಚು ಹೊತ್ತು ತಡೆಯಬಲ್ಲದು ಎಂಬುದು ಸಾಮಾನ್ಯ ಲೆಕ್ಕ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಎಚ್ಚರವಿದ್ದು ಆಡುವಾಗ ಅಷ್ಟೂ ಇಲ್ಲ. ದಿನವೂ ಒಂದೇ ಜಾಗಕ್ಕೆ ಒಯ್ದು ಸುಮ್ಮನೆ ನಿಲ್ಲಿ. ಹೊಯ್ದು ಮುಗಿಸಿದ ಮೇಲೆ ಅಲ್ಲೇ ತುಣುಕು ಕೊಡಿ, ಒಳಗೆ ಬಂದ ಮೇಲೆ ಅಲ್ಲ.

ಒರೆಸುವ ಕೆಲಸದಲ್ಲೂ ಒಂದು ತಪ್ಪು ನಡೆಯುತ್ತದೆ. ಫಿನಾಯಿಲ್ ಸುರಿದರೆ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ಮರಿಯ ಮೂಗಿಗಲ್ಲ. ಅದರ ಮೇಲೆ ಕಪ್ಪು ಫಿನಾಯಿಲ್ ನೆಕ್ಕಿದರೆ ಮರಿಗೆ ವಿಷ. ಅಮೋನಿಯಾ ಇರುವ ದ್ರಾವಣ ಉಚ್ಚೆಯ ವಾಸನೆಯನ್ನೇ ನೆನಪಿಸುತ್ತದೆ. ಹಳೆಯ ಬಟ್ಟೆಯಿಂದ ಹೀರಿ ತೆಗೆದು, ಸೋಪಿನ ನೀರಿನಲ್ಲಿ ಒರೆಸಿ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಹಾಕಿ. ಕಲ್ಲುಗಳ ಸಂದಿಯನ್ನು ಬಿಡಬೇಡಿ, ವಾಸನೆ ಉಳಿಯುವುದೇ ಅಲ್ಲಿ.

"ಮೊಲ ಹಿಡಿಸದಿದ್ದರೆ ಬೇಟೆ ನಾಯಿ ಕೆಡುತ್ತದೆ"

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲದ ಬೇಟೆ ಅಪರಾಧ. ಮರಿಗೆ ಬೇಕಾಗಿರುವುದು ಓಟ, ಮೊಲ ಅಲ್ಲ. ಉದ್ದ ಕೋಲಿನ ತುದಿಗೆ ದಾರ, ದಾರದ ತುದಿಗೆ ಬಟ್ಟೆಯ ತುಂಡು ಕಟ್ಟಿ ನೆಲದ ಮೇಲೆ ಎಳೆದಾಡಿಸಿ. ಕುಗ್ಗುವ ಮರಿಯ ಬೆನ್ನು ನೆಟ್ಟಗಾಗುವುದನ್ನು ಅಲ್ಲಿ ನೋಡಬೇಕು. ಈಗಷ್ಟೇ ನೆಲಕ್ಕೊರಗಿದ್ದ ಮರಿ ಬಾಲ ಎತ್ತಿ, ಕಣ್ಣು ಹೊಳೆಯಿಸಿ ಹಾರುತ್ತದೆ, ಬಟ್ಟೆಯನ್ನು ಹಿಡಿದು ಜಾಡಿಸುತ್ತದೆ. ಅದಕ್ಕೇ ಗೆಲ್ಲಲು ಬಿಡಿ. ಧೈರ್ಯ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚದು. ಎಲುಬು ಇನ್ನೂ ಎಳೆಯದು, ಆದ್ದರಿಂದ ಒಂದೆರಡು ನಿಮಿಷ ಸಾಕು, ಜಾರುವ ಟೈಲ್ಸ್ ಮೇಲೆ ಬೇಡ.

ಕರೆದಾಗ ಬರುವುದನ್ನು ಇದೇ ವಯಸ್ಸಿನಲ್ಲಿ ಕಲಿಸಬೇಕು. ಬೆನ್ನಟ್ಟಲು ಹೊರಟ ಮುಧೋಳದ ಕಿವಿಗೆ ಯಾರ ಕೂಗೂ ಬೀಳುವುದಿಲ್ಲ, ಹಾಗಾಗಿ ಹೊರಡುವ ಮೊದಲೇ ತಿರುಗುವ ಅಭ್ಯಾಸ ಬೇಕು. ಕರೆದು ಬೈಯುವುದು, ಕರೆದು ಕಟ್ಟಿಹಾಕುವುದು ಎಂದೂ ಬೇಡ. ಶರಣಾಗತಿಯ ಮರಿಯಾದರೆ ಕರೆದಾಗ ತೆವಳುತ್ತ ಬಂದು ಕಾಲ ಬಳಿ ಹೊಯ್ಯುತ್ತದೆ. ಆಗ ನೀವು ಎರಡು ಹೆಜ್ಜೆ ಹಿಂದೆ ಸರಿದು ಕುಕ್ಕರಿಸಿ ಕರೆಯಿರಿ, ಎದ್ದು ಓಡಿ ಬರುತ್ತದೆ. ಹೊರಗೆ ಒಯ್ಯುವಾಗ ಸಾಮಾನ್ಯ ಕೊರಳಪಟ್ಟಿಯನ್ನು ನಂಬಬೇಡಿ. ಈ ತಳಿಯ ತಲೆ ಕಿರಿದು, ಬೆದರಿ ಹಿಂದಕ್ಕೆ ಎಳೆದರೆ ಪಟ್ಟಿ ಕಿವಿ ದಾಟಿ ಕಳಚಿಕೊಳ್ಳುತ್ತದೆ. ಎಳೆದಾಗ ಸ್ವಲ್ಪವೇ ಬಿಗಿಯಾಗುವ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ ಇದಕ್ಕೆಂದೇ ಸಿಗುತ್ತದೆ.

"ಎಲ್ಲ ವಯಸ್ಸಿನ ಆಟ, ಡಾಕ್ಟರ್ ಬೇಡ"

ಬಹುಪಾಲು ವಯಸ್ಸಿನ ಆಟವೇ. ಆದರೆ ಕೆಲವು ಗುರುತುಗಳು ಬೇರೆ ಕಥೆ ಹೇಳುತ್ತವೆ. ಯಾರೂ ಎದುರಿಗಿಲ್ಲದಾಗಲೂ ಹನಿಯುವುದು, ಮಲಗಿದ ಹಾಸಿಗೆ ಒದ್ದೆಯಾಗುವುದು, ಮತ್ತೆ ಮತ್ತೆ ಕುಕ್ಕರಿಸಿ ತಿಣುಕುವುದು, ಉಚ್ಚೆಯಲ್ಲಿ ರಕ್ತ, ಕೆಟ್ಟ ವಾಸನೆ, ಅತಿಯಾಗಿ ನೀರು ಕುಡಿಯುವುದು. ಮೂತ್ರನಾಳದ ಸೋಂಕು ಇರಬಹುದು. ಮೂತ್ರಪಿಂಡದಿಂದ ಬರುವ ನಾಳ ಮೂತ್ರಚೀಲಕ್ಕೆ ಸೇರದೆ ಬೇರೆಡೆ ತೆರೆದುಕೊಳ್ಳುವ ಹುಟ್ಟುದೋಷವೂ ಉಂಟು. ಹೆಣ್ಣುಮರಿಗಳಲ್ಲಿ ಅದು ಹೆಚ್ಚು, ಚಿಕ್ಕಂದಿನಿಂದಲೇ ಸದಾ ತೊಟ್ಟಿಕ್ಕುವುದು ಅದರ ಲಕ್ಷಣ. ಇವಕ್ಕೆ ಪ್ರೀತಿಯೂ ತರಬೇತಿಯೂ ಮದ್ದಲ್ಲ. ಆರೇಳು ತಿಂಗಳು ದಾಟಿದ ಗಂಡುಮರಿ ಕಾಲೆತ್ತಿ ಗೋಡೆಗೆ ಹೊಯ್ಯತೊಡಗಿದರೆ ಅದು ಗುರುತು ಹಾಕುವ ಚಾಳಿ, ಶರಣಾಗತಿಯಲ್ಲ. ವರ್ಷ ದಾಟಿದರೂ ಕುಗ್ಗಿ ಹೊಯ್ಯುವುದು ನಿಲ್ಲದಿದ್ದರೂ ಪಶುವೈದ್ಯರನ್ನು ಕಾಣಿ.

ಹೋಗುವಾಗ ಮರಿ ಹೊಯ್ಯುವ ಕ್ಷಣವನ್ನು ಮೊಬೈಲಿನಲ್ಲಿ ದೂರದಿಂದ ಚಿತ್ರೀಕರಿಸಿಕೊಂಡು ಹೋಗಿ. ಕಿವಿ, ಬಾಲ, ಬೆನ್ನು ಕಾಣುವಂತಿದ್ದರೆ ಡಾಕ್ಟರಿಗೆ ನೂರು ಮಾತಿಗಿಂತ ಅದೇ ಹೆಚ್ಚು ಹೇಳುತ್ತದೆ. ಬೆಳಗಿನ ಮೊದಲ ಉಚ್ಚೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ತಡಮಾಡದೆ ತಲುಪಿಸಿ. ಆಸ್ಪತ್ರೆಯ ಮೇಜಿನ ಮೇಲೆ ಮರಿ ಮತ್ತೆ ಕುಗ್ಗಿ ಹೊಯ್ಯುವುದು ಖಂಡಿತ, ಕೈಚೀಲದಲ್ಲಿ ಒಂದು ಹಳೆಯ ಟವೆಲ್ ಇರಲಿ.